ಮೂರು ನಿಮಿಷದ ಕಲೆ

ಜನಪ್ರಿಯ ಹಾಡು ಖುಷಿ ಕೊಡುತ್ತದೆ, ಅಷ್ಟಕ್ಕೇ ಅದು ಕಲೆಯಾದೀತೇ? ಈ ಪ್ರಶ್ನೆಗೆ ಹಲವರು ರಾಗದ ಆಸರೆಯಿಂದ ಉತ್ತರಿಸುತ್ತಾರೆ. 1966ರ ಕನ್ನಡ ಚಿತ್ರ 'ಸಂಧ್ಯಾರಾಗ'ಕ್ಕೆ ಶಾಸ್ತ್ರೀಯ ಗಾಯಕ ಭೀಮಸೇನ ಜೋಶಿ ಹಾಡಿದ್ದರು, ಆದ್ದರಿಂದ ಅದರ ಹಾಡುಗಳು ಶ್ರೇಷ್ಠ ಎನ್ನುವ ವಾದ ಅದು. ಹಾಡುಗಳೇನೋ ಶ್ರೇಷ್ಠವೇ, ಆದರೆ ಆ ಕಾರಣ ಸಾಲದು. ಶಾಸ್ತ್ರೀಯ ಸಂಗೀತದಿಂದ ಸಾಲ ತಂದ ಗೌರವ ಹಾಡಿನ ಸ್ವಂತ ಗಳಿಕೆಯಲ್ಲ. ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರದ ಶೀರ್ಷಿಕೆ ಗೀತೆಯನ್ನು ಕೇಳಿ. ಅಲ್ಲಿ ರಾಗ ವಿಸ್ತಾರವಿಲ್ಲ, ತಾನಗಳಿಲ್ಲ. ಉತ್ತರ ಕರ್ನಾಟಕದ ಆಡುನುಡಿಯ ಏರಿಳಿತವೇ ಧಾಟಿಯಾಗಿದೆ, ಕುದುರೆಯ ಓಟವೇ ಲಯವಾಗಿದೆ. ಶಿವಮೊಗ್ಗ ಸುಬ್ಬಣ್ಣನವರ ತೆರೆದ, ಎತ್ತರದ ಕಂಠ ಆ ಓಟವನ್ನು ವರ್ಣಿಸುವುದಿಲ್ಲ, ತಾನೇ ಓಡುತ್ತದೆ. ಮಾತು, ಮಟ್ಟು, ದನಿ ಈ ಮೂರರಲ್ಲಿ ಒಂದನ್ನು ಬದಲಿಸಿದರೂ ಹಾಡು ಉಳಿಯದು. ಈ ಬಿಡಿಸಲಾಗದ ಹೆಣಿಗೆಯೇ ನನ್ನ ದೃಷ್ಟಿಯಲ್ಲಿ ಕಲೆಯ ಗುರುತು.

ಇಷ್ಟು ಚಿಕ್ಕ ರಚನೆಯಲ್ಲಿ ಆಳಕ್ಕೆ ಜಾಗವೆಲ್ಲಿ ಎಂಬ ಆಕ್ಷೇಪವಿದೆ. 78 ಆರ್‌ಪಿಎಂ ಗ್ರಾಮಾಫೋನ್ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ಆ ಮಿತಿಯೇ ಸಂಯೋಜಕರಿಗೆ ಮಿತವ್ಯಯ ಕಲಿಸಿತು. ಚರಣ ಮುಗಿಸಿ ಮರಳುವ ಪಲ್ಲವಿ ಅದೇ ಸ್ವರಗಳಲ್ಲಿದ್ದರೂ ಬೇರೆ ಅರ್ಥ ಹೊತ್ತು ಬರುತ್ತದೆ. ವಚನವೂ ಚಿಕ್ಕದೇ, ಅದನ್ನು ಯಾರೂ ಅಳತೆಯಿಂದ ತೂಗುವುದಿಲ್ಲ. ಗೆದ್ದ ಹಾಡುಗಳಲ್ಲಿ ಜೊಳ್ಳು ಬಹಳವಿರುವುದು ನಿಜ, ಜನಪ್ರಿಯತೆಯೇ ಗುಣಕ್ಕೆ ಸಾಕ್ಷಿಯೂ ಅಲ್ಲ. ಆದರೆ ಅದು ದೋಷಕ್ಕೂ ಸಾಕ್ಷಿಯಲ್ಲ. ಜನಪ್ರಿಯವಾದ 'ಕಾಡು ಕುದುರೆ'ಯ ಗಾಯನಕ್ಕೇ ಸುಬ್ಬಣ್ಣನವರಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು.