ಮೂಳೆಯೊಳಗಿನ ಸಿಮೆಂಟು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ನಡುನೋವೆಂದರೆ ಹೊಲದ ದಣಿವು. ಬೀಳದೆಯೂ ಬೆನ್ನೆಲುಬು ಮುರಿದೀತೆಂದು ಯಾರು ಎಣಿಸುತ್ತಾರೆ? ಗಡ್ಡೆ ಒಳಗಿಂದ ತಿಂದ ಬೆನ್ನುಮಣಿ ಕೆಮ್ಮಿದರೂ ಕುಸಿಯಬಹುದು.

1984ರಲ್ಲಿ ಫ್ರಾನ್ಸಿನ ವೈದ್ಯರಾದ ಗಾಲಿಬೇರ್, ದೆರಾಮಾಂ ಕತ್ತಿನ ಮಣಿಯೊಂದಕ್ಕೆ ಹೂಡಿದ ಉಪಾಯ ನನಗೆ ಬಲು ಮೆಚ್ಚು: ಎಕ್ಸ್‌-ರೇ ಪರದೆ ನೋಡುತ್ತ ಸೂಜಿ ತೂರಿಸಿ, ಟೂತ್‌ಪೇಸ್ಟಿನಷ್ಟು ಗಟ್ಟಿಯಾದ ಸಿಮೆಂಟು ತುಂಬುವುದು. ತೀರ ತೆಳುವಿದ್ದರೆ ನರದತ್ತ ಸೋರೀತು. ತಡಮಾಡಿದರೆ ಸೂಜಿಯಲ್ಲೇ ಕಲ್ಲಾದೀತು. ಕೈಚಳಕವೆಲ್ಲ ಆ ಕೆಲವೇ ನಿಮಿಷಗಳದ್ದು. ಗಡ್ಡೆ ಇದರಿಂದ ಹೋಗದು, ಅದಕ್ಕೆ ವಿಕಿರಣವೋ ಔಷಧವೋ ಬೇಕೇ ಬೇಕು. ಆದರೆ ಹಾಸಿಗೆ ಹಿಡಿದವರು ಎಷ್ಟೋ ಸಲ ಒಂದೆರಡು ದಿನದಲ್ಲೇ ಎದ್ದು ಕೂರುತ್ತಾರೆ.

ಕ್ಷಯ ತಿಂದ ಮಣಿಗೆ (ನಮ್ಮಲ್ಲಿ ಅದೂ ಕಡಿಮೆಯಿಲ್ಲ) ಸಿಮೆಂಟು ಸಲ್ಲದು. ತಿಂಗಳುಗಟ್ಟಲೆ ಮಾತ್ರೆಯೇ ಮೊದಲ ಮದ್ದು. ಯಾವುದೇ ಇರಲಿ, ಕಾಲು ಸೋಲತೊಡಗಿದರೆ, ಮೂತ್ರ ಕಟ್ಟಿದರೆ ಅದೇ ದಿನ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೊರಡಬೇಕು.