ಅರ್ಕಾವತ್ತು ಎಲ್ಲಿ ಕೂತಿದೆ?

ಕನ್ನಡ ಕಂಪ್ಯೂಟರಿನ ಕಥೆ ಹೇಳುವವರೆಲ್ಲ ‘ನುಡಿ’ ತಂತ್ರಾಂಶದ ಹತ್ತಿರ ಬಂದಾಗ ಮೆತ್ತಗಾಗುತ್ತಾರೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ದುಡಿಮೆ, ಉಚಿತ ಹಂಚಿಕೆ. ಹೊಗಳಿಕೆ ಈ ಮೂರನ್ನು ದಾಟುವುದಿಲ್ಲ. ಕೀಲಿಮಣೆಯ ಬಗ್ಗೆ ನನಗೂ ತಕರಾರಿಲ್ಲ. ಇಪ್ಪತ್ತಾರು ಕೀಲಿಗಳಲ್ಲಿ ಇಡೀ ವರ್ಣಮಾಲೆಯನ್ನು ಕೂರಿಸಿದ್ದು ದೊಡ್ಡ ಬುದ್ಧಿಯ ಕೆಲಸ. ಆದರೆ ಬರೆದದ್ದನ್ನು ತಂತ್ರಾಂಶ ಹೇಗೆ ಉಳಿಸಿಡುತ್ತದೆ ಎಂದು ನೋಡದೆ ತೀರ್ಪು ಕೊಡಬಾರದು. ಅಲ್ಲಿ ನುಡಿಯ ಕೀರ್ತಿ ನಿಲ್ಲುವುದಿಲ್ಲ.

‘ಕರ್ನಾಟಕ’ ಎಂಬ ಒಂದೇ ಪದ ತೆಗೆದುಕೊಳ್ಳಿ. ನುಡಿಯ ಹಳೆಯ ಫಾಂಟಿನಲ್ಲಿ ಮೊದಲ ‘ಕ’ ಎಂದರೆ ಎರಡು ಚೂರು: ಇಂಗ್ಲಿಷಿನ ದೊಡ್ಡ ‘ಪಿ’ಯ ಜಾಗದಲ್ಲಿ ಕಕಾರದ ಒಡಲು, ಅದರ ಪಕ್ಕ ತಲೆಕಟ್ಟು. ನಕಾರದ ಒಡಲು ಪೌಂಡ್ ಚಿಹ್ನೆಯ ಜಾಗದಲ್ಲಿ. ಅದಾದ ಮೇಲೆ ದೀರ್ಘ, ಆಮೇಲೆ ಅರ್ಕಾವತ್ತು. ನಾಲಿಗೆ ಮೊದಲು ಆಡುವ ರೇಫ ಕಡತದಲ್ಲಿ ‘ನಾ’ ಮುಗಿದ ಬಳಿಕ ಬಂದು ಕೂರುತ್ತದೆ, ಏಕೆಂದರೆ ಕಾಗದದ ಮೇಲೆ ಅದು ಅಲ್ಲಿ ಕಾಣುತ್ತದೆ. ಯೂನಿಕೋಡಿನಲ್ಲಿ ಇದೇ ಪದ ಕ, ರ, ಹಲಂತ, ನ, ದೀರ್ಘ, ಟ, ಕ. ಆಡಿದ ಕ್ರಮದಲ್ಲೇ ಉಳಿಯುತ್ತದೆ. ಪರಿಣಾಮ ಸಣ್ಣದಲ್ಲ. ಹಳೆಯ ಕಡತದಲ್ಲಿ ಪದಗಳನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದರೆ ಕಂಪ್ಯೂಟರು ಪಿ ಮತ್ತು ಪೌಂಡುಗಳ ಕ್ರಮ ಹಿಡಿಯುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಆ ಪಿ, ಆ ಪೌಂಡುಗಳೇ ಕಾಣುತ್ತವೆ. ಅಲ್ಲಿ ಉಳಿದದ್ದು ಕನ್ನಡದ ಚಿತ್ರ ಮಾತ್ರ.

ವಿಂಡೋಸ್ 98ರ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ ಎಂಬ ಸಮಜಾಯಿಷಿಯನ್ನು ಒಪ್ಪುತ್ತೇನೆ. ಆದರೆ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೇ ‘ತುಂಗಾ’ ಫಾಂಟ್ ಬಂತು. ಆ ಮೇಲೂ ವರ್ಷಗಟ್ಟಲೆ ಕಚೇರಿಗಳೂ ಪೇಜ್‌ಮೇಕರ್ ನಂಬಿದ ಮುದ್ರಣಾಲಯಗಳೂ ಹಳೆಯ ಫಾಂಟಿಗೇ ಅಂಟಿಕೊಂಡವು. ಆಗ ನಮ್ಮ ವಿಮರ್ಶಕರು ಮಾಡಿದ್ದೇನು? ‘ನುಡಿ’ ಮೇಲೋ, 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’ ತಂತ್ರಾಂಶ ಮೇಲೋ ಎಂದು ಬಡಿದಾಡಿದರು. ಯಾರು ಯಾರಿಂದ ಎತ್ತಿಕೊಂಡರು, ಕನ್ನಡವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಕುಟ್ಟುವುದು ಅವಮಾನವೇ ಎಂಬ ಜಗಳಕ್ಕೆ ಪುಟಗಟ್ಟಲೆ ಜಾಗ ಸಿಕ್ಕಿತು. ಮನೆಯಲ್ಲಿ ಕೂತು ಬರೆಯುವವನ ಕಡತ ಹತ್ತು ವರ್ಷದ ಮೇಲೆ ತೆರೆಯುತ್ತದೆಯೇ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಕಳೆದುಹೋಯಿತು. ನನಗೆ ಇಂದಿಗೂ ಸಿಟ್ಟು ಬರುವುದು ಇದಕ್ಕೇ.

ಈಗ ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆಯಲ್ಲ ಎನ್ನುತ್ತಾರೆ ಬೆಂಗಳೂರಿನ ಗೆಳೆಯರು. ಇವೆ. ಒಳ್ಳೆಯವು ಅರ್ಕಾವತ್ತನ್ನು ಹಿಂದಕ್ಕೆ ಸರಿಸಿ ಸರಿಯಾದ ಜಾಗದಲ್ಲೇ ಕೂರಿಸುತ್ತವೆ. ಅವನ್ನು ಬರೆದವರಿಗೆ ನಮಸ್ಕಾರ. ಆದರೆ ಅಂಟಿಸಿದ್ದೆಲ್ಲ ಕನ್ನಡವೇ ಎಂದು ಅವು ನಂಬುತ್ತವೆ. ನಾನಿರುವ ಮುಂಬಯಿಯ ಜೋಗೇಶ್ವರಿಯಲ್ಲಿ ಆ ನಂಬಿಕೆ ನಡೆಯುವುದಿಲ್ಲ. ಇಲ್ಲಿಯ ಕನ್ನಡಿಗರ ಮನೆಯ ಕಡತದಲ್ಲಿ ಸಂಘದ ವಾರ್ಷಿಕ ವರದಿ ಕನ್ನಡದಲ್ಲಿ, ಸೊಸೈಟಿಯ ನೋಟಿಸು ಮರಾಠಿಯಲ್ಲಿ, ವಿಳಾಸ ಇಂಗ್ಲಿಷಿನಲ್ಲಿ ಇರುತ್ತದೆ. ಮದುವೆಯ ಕರೆಯೋಲೆಯಲ್ಲಂತೂ ಮೂರೂ ಒಂದೇ ಪುಟದಲ್ಲಿ. ಮರಾಠಿಯ ಹಳೆಯ ಫಾಂಟುಗಳಿಗೆ ಅವುಗಳದೇ ಬೇರೆ ಲೆಕ್ಕ. ಪರಿವರ್ತಕದ ಬಾಯಿಗೆ ಇದನ್ನು ಕೊಟ್ಟರೆ ಇಂಗ್ಲಿಷ್ ಹೆಸರಿನ ‘ಪಿ’ಯೂ ಕಕಾರವಾಗಿ ಹೊರಬರುತ್ತದೆ.

ನನಗೆ ಬೇಕಾದ ತಂತ್ರಾಂಶ ಇನ್ನೂ ಯಾರ ಕೈಯಿಂದಲೂ ಬಂದಂತಿಲ್ಲ. ಅದು ಇಡೀ ಫೋಲ್ಡರನ್ನು ಒಮ್ಮೆಗೇ ತೆಗೆದುಕೊಳ್ಳಬೇಕು, ಇಂಟರ್ನೆಟ್ಟಿಲ್ಲದೆ ಮನೆಯ ಕಂಪ್ಯೂಟರಿನಲ್ಲೇ ಓಡಬೇಕು. ಮನೆಯ ಪತ್ರಗಳನ್ನು ಯಾರದೋ ಸರ್ವರಿಗೆ ಕಳಿಸಲು ನಾನು ತಯಾರಿಲ್ಲ. ವರ್ಡ್ ಕಡತ ಪ್ರತಿ ತುಣುಕಿನ ಜೊತೆಗೂ ಫಾಂಟಿನ ಹೆಸರನ್ನು ಬರೆದಿಟ್ಟಿರುತ್ತದೆ. ಅದನ್ನು ಓದಿ ಕನ್ನಡದ ತುಣುಕಿಗೆ ಕನ್ನಡದ ಪಟ್ಟಿ, ಮರಾಠಿಗೆ ಮರಾಠಿಯದು ಹಚ್ಚಿ, ಇಂಗ್ಲಿಷನ್ನು ಮುಟ್ಟದೆ ಬಿಡುವುದು ಅಸಾಧ್ಯದ ಕೆಲಸವೇನಲ್ಲ. ಫಾಂಟಿನ ಹೆಸರು ಅಳಿಸಿಹೋದ ಬರಿಯ ಪಠ್ಯದಲ್ಲಿ ಊಹಿಸಬೇಕಾಗುತ್ತದೆ. ಅಲ್ಲಿ ಅನುಮಾನ ಬಂದ ಸಾಲಿಗೆ ಬಣ್ಣ ಹಚ್ಚಿ ನನ್ನನ್ನು ಕೇಳಲಿ, ಮೂಲ ಕಡತವನ್ನು ಇದ್ದ ಹಾಗೇ ಬಿಡಲಿ. ನುಡಿಯನ್ನು ಕರ್ನಾಟಕ ಸರ್ಕಾರವೇ ಮಾಡಿಸಿ ಹಂಚಿತು. ಹಾಗಾಗಿ ಇದರ ಖರ್ಚೂ ಸರ್ಕಾರದ್ದೇ ಆಗಬೇಕು, ಗಡಿಯಾಚೆಯ ಕನ್ನಡಿಗರ ಕಡತಗಳನ್ನೂ ಸೇರಿಸಿ.