ಮೊದಲು ಊಟ, ಆಮೇಲೆ ಕೇಳಿಕೆ

ಯಾವ ಸಂಗತಿ ಯಾರಿಗೆ ಯಾವಾಗ ತಿಳಿಯಬೇಕು ಎಂದು ಗೊತ್ತುಮಾಡುವುದೇ ಚಿತ್ರಕಥೆಗಾರನ ಮುಖ್ಯ ಕೆಲಸ. ಕಥೆ ಬೇರೊಬ್ಬರದಿರಬಹುದು, ಮಾತು ಬರೆಯಲು ಇನ್ನೊಬ್ಬರು ಬರಬಹುದು. ಟೈಟಲ್ ಕಾರ್ಡಿನಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಒಂದೇ ಉಸಿರಿನಲ್ಲಿ ಬರುವುದರಿಂದ ಕಲಿಯುವವರು ಮೂರನ್ನೂ ಕಲಸಿಬಿಡುತ್ತಾರೆ. ಬಹುಪಾಲು ಹೊಸಬರು ನೇರ ಡೈಲಾಗಿಗೇ ಕೈಹಾಕುವುದು ಇದೇ ಕಾರಣಕ್ಕೆ.

ಕನ್ನಡದಲ್ಲಿ ಈ ವಿದ್ಯೆ ಶಾಲೆಯಿಂದ ಬಂದದ್ದಲ್ಲ. ಬೆಂಗಳೂರಿನ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಲ್ಲೇ ಕ್ಯಾಮೆರಾ ಮತ್ತು ಧ್ವನಿಗ್ರಹಣದ ಪಾಠ ಶುರುವಾಗಿತ್ತು. ಬರವಣಿಗೆಯನ್ನು ಮಾತ್ರ ನಾಟಕ ಕಂಪನಿಯಲ್ಲೇ ಕಲಿಯಬೇಕಿತ್ತು. ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಗಾಜನೂರು ಈ ಚರಿತ್ರೆಯಲ್ಲಿ ಬರುವುದು ಹೀಗೆ. ಅಲ್ಲಿನ ರಂಗನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿ ಸೇರಿದರು. ಶಾಲೆಯನ್ನು ಬೇಗನೆ ಬಿಟ್ಟ ಮಗ ಮುತ್ತುರಾಜ ಅದೇ ಬಣ್ಣದ ಮನೆಯಲ್ಲಿ ಬೆಳೆದು, 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆದರು. ಆ ಚಿತ್ರಕ್ಕೆ ಬರೆದ ಜಿ.ವಿ. ಅಯ್ಯರ್ ಅವರೂ ಗುಬ್ಬಿ ಕಂಪನಿಯವರೇ. ಎದುರಿಗೆ ಕೂತ ಜನ ಎಲ್ಲಿ ಬೀಡಿ ಹಚ್ಚುತ್ತಾರೆ, ಎಲ್ಲಿ ಸೆಟೆದು ಕೂರುತ್ತಾರೆ ಎಂಬುದು ಕಂಪನಿಯವರಿಗೆ ಪ್ರತಿ ರಾತ್ರಿಯೂ ಕಾಣುತ್ತಿತ್ತು. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಂದಿನ ಯಾವ ಕೋರ್ಸಿನಲ್ಲೂ ಇಲ್ಲ.

ಮುಂದೆ ರಾಜ್ ಕುಟುಂಬದ ಚಿತ್ರಸಂಸ್ಥೆಗಳಲ್ಲಿ ಓದುವುದೂ ಕೇಳುವುದೂ ದಿನದ ಕೆಲಸವಾಯಿತು. ರಾಜ್ ಪತ್ನಿ ಪಾರ್ವತಮ್ಮ ಕಾದಂಬರಿಗಳನ್ನು ಓದಿ ಆರಿಸುತ್ತಿದ್ದರು. ರಾಜ್ ಅವರ ತಮ್ಮ ವರದರಾಜ್ ಅವರಿಗೆ ಕಥೆಯ ತೂಕ ಚೆನ್ನಾಗಿ ಗೊತ್ತಿತ್ತು. ಮಾತು ಬರೆಯಲು ಚಿ. ಉದಯಶಂಕರ್ ಇದ್ದರು, ಅವರ ತಂದೆ ಚಿ. ಸದಾಶಿವಯ್ಯನವರೂ ಚಿತ್ರಸಾಹಿತಿ.

ಕಲಿಯುವವರು ಬಿಡಿಸಿ ನೋಡಬೇಕಾದ ಚಿತ್ರ, ದೊರೆ–ಭಗವಾನ್ ನಿರ್ದೇಶಿಸಿದ ‘ಕಸ್ತೂರಿ ನಿವಾಸ’ (1971). ಕಥೆ ತಮಿಳಿನ ಜಿ. ಬಾಲಸುಬ್ರಮಣ್ಯಂ ಅವರದು, ಮಾತು ಉದಯಶಂಕರ್ ಅವರದು. ಬೆಂಕಿಪೊಟ್ಟಣದ ಕಾರ್ಖಾನೆಯ ಧಣಿ ರವಿವರ್ಮ ಕೊಡುಗೈ ದೊರೆ; ಕೊಟ್ಟು ಕೊಟ್ಟು ಬರಿಗೈಯಾಗುತ್ತಾನೆ. ಕೊನೆಗೆ ಉಳಿಯುವುದು ಒಂದು ಪಾರಿವಾಳ. ಹಿಂದೆ ಅವನಲ್ಲಿ ಕೆಲಸಕ್ಕಿದ್ದ ನೀಲಾ ಕಾಯಿಲೆಯ ಮಗುವಿಗಾಗಿ ಅದನ್ನು ಬೇಡಲು ಬರುತ್ತಾಳೆ. ಬಂದವಳನ್ನು ಊಟವಿಲ್ಲದೆ ಕಳಿಸುವುದುಂಟೇ? ಅವಳು ಬಾಯಿಬಿಟ್ಟು ಕೇಳುವ ಹೊತ್ತಿಗೆ, ಅವಳ ಊಟಕ್ಕಾಗಿಯೇ ಪಾರಿವಾಳ ಕೈಬಿಟ್ಟಿರುತ್ತದೆ.

ಇಲ್ಲಿ ಎರಡು ದೃಶ್ಯಗಳನ್ನು ಹಿಂದುಮುಂದು ಮಾಡಿದರೆ ಚಿತ್ರವೇ ಇಲ್ಲ. ಕೇಳಿಕೆ ಮೊದಲು ಬಂದರೆ ಅವನು ಕೊಟ್ಟುಬಿಡುತ್ತಾನೆ, ಅವಳು ಕೈಮುಗಿದು ಹೋಗುತ್ತಾಳೆ. ಊಟ ಮೊದಲಾದ್ದರಿಂದ, ಬದುಕಿಡೀ ‘ಇಲ್ಲ’ ಎನ್ನದವನು ಒಮ್ಮೆ ಹಾಗೆನ್ನಬೇಕಾಗುತ್ತದೆ, ಅದೇ ಅವನನ್ನು ಕೊಲ್ಲುತ್ತದೆ. ಪಾರಿವಾಳ ಮಾತ್ರ ಆ ಗಳಿಗೆಯಲ್ಲಿ ಹಠಾತ್ತನೆ ಹುಟ್ಟುವಂತಿಲ್ಲ, ಪ್ರೇಕ್ಷಕ ಅದನ್ನು ಮೊದಲಿನಿಂದ ನೋಡಿರಬೇಕು. ಹದಿನಾಲ್ಕನೆಯ ಶತಮಾನದ ಇಟಲಿಯಲ್ಲಿ ಬೊಕಾಚಿಯೋ ಬರೆದ ‘ಡೆಕಮೆರಾನ್’ನ ಡೇಗೆಯ ಕಥೆಯಲ್ಲೂ ಇದೇ ಕಟ್ಟು ಇದೆ: ತಾನು ಪ್ರೀತಿಸಿದವಳಿಗೆ ಉಣಬಡಿಸಲು ಬಡವ ತನ್ನ ಡೇಗೆಯನ್ನೇ ಕೊಲ್ಲುತ್ತಾನೆ, ಅವಳು ಬಂದದ್ದೂ ಅದಕ್ಕಾಗಿಯೇ. ಗಟ್ಟಿ ಕಟ್ಟಿಗೆ ಭಾಷೆ ಅಡ್ಡವಲ್ಲ. ಕನ್ನಡದ ಯಶಸ್ಸಿನ ನಂತರ ‘ಕಸ್ತೂರಿ ನಿವಾಸ’ವೇ ‘ಅವನ್‌ದಾನ್ ಮನಿದನ್’ (1975) ಎಂದು ತಮಿಳಿಗೆ ಹೋಯಿತು. ನಾಯಕ ಶಿವಾಜಿ ಗಣೇಶನ್.

ಎರಡನೆಯ ಪಾಠ, ಬಯಕೆಯನ್ನು ಕಣ್ಣಿಗೆ ಕಾಣುವ ವಸ್ತುವಾಗಿಸುವುದು. ಎನ್. ಲಕ್ಷ್ಮೀನಾರಾಯಣ್ ಅವರ ‘ಬೆಟ್ಟದ ಹೂವು’ (1985) ಶರ್ಲಿ ಅರೋರಾ ಅವರ 1960ರ ಇಂಗ್ಲಿಷ್ ಕಾದಂಬರಿಯಿಂದ ಬಂದದ್ದು. ಪುನೀತ್ ಅಭಿನಯಿಸಿದ ರಾಮುವಿಗೆ ಓದುವಾಸೆ. ಆದರೆ ಆಸೆಯನ್ನು ಕ್ಯಾಮೆರಾ ಹಿಡಿಯಲಾರದು, ಪುಸ್ತಕದಂಗಡಿಯಲ್ಲಿರುವ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಹಿಡಿಯುತ್ತದೆ. ಹೂ ಹುಡುಕಿ ಕೊಟ್ಟು ದುಡ್ಡು ಕೂಡಿಸುವ ಹುಡುಗನ ಮುಂದೆ ಕಡೆಗೆ ನಿಲ್ಲುವುದು ಒಂದೇ ಪ್ರಶ್ನೆ: ಪುಸ್ತಕವೋ, ಮನೆಯವರಿಗೆ ಕಂಬಳಿಯೋ? ಕುವೆಂಪು ಕಾವ್ಯವನ್ನು ಆರಿಸಿದ್ದರಿಂದ ಪರದೇಶದವರ ಬರಹ ಕನ್ನಡದ ನೆಲಕ್ಕಿಳಿಯಿತು. ಹೂ ಕೊಳ್ಳುವ ಮೇಡಮ್ಮಿಗೆ ಲೇಖಕಿಯ ಹೆಸರನ್ನೇ ಇಟ್ಟದ್ದು ಸಣ್ಣ ತುಂಟತನ.

ಕಸುಬಿನ ಹಂತಗಳು ಹೆಚ್ಚೇನಿಲ್ಲ. ಮೊದಲು ಒನ್‌ಲೈನ್, ಆಮೇಲೆ ಸೀನ್ ಆರ್ಡರ್, ಆಮೇಲೆ ಒಂದೊಂದೇ ಸೀನ್. ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಹಾಲಿವುಡ್ಡಿನ ಲೆಕ್ಕ. ನಮ್ಮ ಹಾಡು, ಹೊಡೆದಾಟಗಳು ಅದನ್ನು ಕೇಳುವುದಿಲ್ಲ. ಹೆಚ್ಚು ಉಪಯೋಗದ ಅಭ್ಯಾಸವೊಂದಿದೆ. ಸಿನಿಮಾ ಆದ ಕಾದಂಬರಿಯನ್ನು ಓದಿ, ಅದರ ಸೀನ್ ಆರ್ಡರನ್ನು ತಾನೇ ಬರೆದು, ನಂತರ ಚಿತ್ರ ನೋಡುವುದು. ಟಿ.ಕೆ. ರಾಮರಾವ್ ಅವರ ‘ಬಂಗಾರದ ಮನುಷ್ಯ’ ಮತ್ತು ಸಿದ್ಧಲಿಂಗಯ್ಯ ನಿರ್ದೇಶಿಸಿದ 1972ರ ಚಿತ್ರ ಇದಕ್ಕೆ ಒಳ್ಳೆಯ ಜೋಡಿ. ಶಾರದೆಯ ಗುಟ್ಟನ್ನು ನಾಯಕ ರಾಜೀವ ಎಲ್ಲಿಯವರೆಗೆ ಹೊಟ್ಟೆಯಲ್ಲಿಟ್ಟುಕೊಳ್ಳುತ್ತಾನೆ ಎಂಬುದನ್ನು ಗಮನಿಸಿದರೆ ಸಾಕು.

ಮಾತು ಕಡೆಗೆ ಬರುತ್ತದೆ. ಸೀನು ಮಾತಿಲ್ಲದೆ ಅರ್ಥವಾದರೆ ಬರೆದದ್ದರಲ್ಲಿ ಅರ್ಧ ಹೊಡೆದುಹಾಕಬಹುದು. ಉಳಿದದ್ದು ಆಡುವವರ ಬಾಯಿಗೆ ಒಗ್ಗಬೇಕು. ಉದಾಹರಣೆಗೆ, ತಾಳವಾಡಿ ಸೀಮೆಯಲ್ಲಿ ಚಾಮರಾಜನಗರ ಕಡೆಯ ಕನ್ನಡವಿದೆ, ಕಚೇರಿ ಮತ್ತು ಬಸ್ಸಿನ ತಮಿಳಿದೆ, ಕಾಡಂಚಿನ ಹಾಡಿಗಳಲ್ಲಿ ಸೋಲಿಗರ ನುಡಿಯಿದೆ; ಒಬ್ಬನೇ ಮನುಷ್ಯ ಮನೆಯಲ್ಲೊಂದು, ಸಂತೆಯಲ್ಲೊಂದು ಆಡುತ್ತಾನೆ. ಅಲ್ಲಿ ನಡೆಯುವ ಚಿತ್ರಕ್ಕೆ ಬರೆಯುವವರು ಪ್ರತಿ ಸೀನಿನ ತಲೆಯಲ್ಲಿ ಜಾಗ, ಹೊತ್ತುಗಳ ಜೊತೆಗೆ ಯಾರು ಯಾರೊಡನೆ ಯಾವ ನುಡಿಯಲ್ಲಿ ಆಡುತ್ತಾರೆ ಎಂಬುದನ್ನೂ ನಮೂದಿಸಬೇಕಾಗುತ್ತದೆ.